ಹಿರೇಬೆಣಕಲ್ಲಿನ ಮೋರ್ಯರ ಮನೆಗಳು

ಕೊಪ್ಪಳ ಜಿಲ್ಲೆಯ ಗಂಗಾವತಿ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು ೧೦ ಕಿಲೋಮೀಟರ್ ದೂರದಲ್ಲಿ ಹಿರೇಬೆಣಕಲ್ ಎಂಬ ಗ್ರಾಮವಿದೆ. ಅದರ ಸಮೀಪದ ಬೆಟ್ಟಸಾಲನ್ನು ಏರಿದರೆ, ಬಂಡೆಗಳ ನಡುವಣ ಸಮತಟ್ಟಾದ ಸ್ಥಳದಲ್ಲಿ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ರಚಿಸಿದ ಕೋಣೆಗಳು ಊರೊಂದರಂತೆ ಹರಡಿಕೊಂಡಿರುವುದು ಗೋಚರಿಸುತ್ತದೆ. ಇಂತಹ ರಚನೆಗಳು ಇಲ್ಲಿ ಚಿಕ್ಕವು ದೊಡ್ಡವು ಸೇರಿ ಸುಮಾರು ೪೦೦ ಇವೆ. ಆ ಕಡೆಯ ಜನ ಇವನ್ನು ‘ಮೋರ್ಯರ ಮನೆ’ಗಳೆಂದೂ ಬೆಟ್ಟವನ್ನು ‘ಮೋರ್ಯರ ಗುಡ್ಡ’ವೆಂದೂ ಕರೆಯುತ್ತಾರೆ. ಮೋರ್ಯರೆಂದರೆ ಹಿಂದೆ ಬಾಳಿದ ಕುಳ್ಳ ಜನರೆಂಬುದು ರೂಢಿಯ ಕಥೆ.

ಈ ಹೆಸರು ಎರಡು ಬಗೆಯ ಭ್ರಮೆಗೆ ಎಡೆಮಾಡಿದೆ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿರುವುದರಿಂದ, ಮೋರ್ಯರೆಂದರೆ ಮೌರ್ಯರೇ ಇರಬೇಕೆಂದು ಊಹಿಸುವವರುಂಟು. ಆದರೆ ಈ ರಚನೆಗಳ ಕಾಲವನ್ನು ವಿದ್ವಾಂಸರು ಸ್ಥೂಲವಾಗಿ ಕ್ರಿ.ಪೂ. ೮೦೦ರಿಂದ ಕ್ರಿ.ಪೂ. ೨೦೦ರವರೆಗೆ ಎಣಿಸುತ್ತಾರೆ. ಎಂದರೆ ಅಶೋಕನಿಗೆ ಎಷ್ಟೋ ತಲೆಮಾರುಗಳ ಹಿಂದೆಯೇ ಈ ಸಂಪ್ರದಾಯ ಮೊದಲಾಗಿತ್ತು. ಹೆಸರಿನ ಸಾದೃಶ್ಯವೊಂದನ್ನೇ ನೆಚ್ಚಿ ಇತಿಹಾಸವನ್ನು ಕಟ್ಟಲಾಗದು.

ಇವು ಮನೆಗಳೂ ಅಲ್ಲ. ಮೂರು ನಾಲ್ಕು ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ ಮೇಲೊಂದು ಹಾಸುಗಲ್ಲನ್ನು ಹೊದಿಸಿದ ಈ ಕೋಣೆಗಳಿಗೆ ಬಾಗಿಲಿಲ್ಲ. ಹಲವುಗಳ ಒಂದು ಪಕ್ಕದ ಚಪ್ಪಡಿಯಲ್ಲಿ ದುಂಡನೆಯ ಕಂಡಿಯೊಂದಿದೆ, ಅಷ್ಟೆ. ಇಂತಹ ಕಂಡಿಯುಳ್ಳ ಕಲ್ಗೋರಿಗಳನ್ನು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಉತ್ಖನನ ಮಾಡಿಸಿದಾಗ, ಒಳಗೆ ಮಾನವರ ಮೂಳೆಗಳೂ ಕಪ್ಪು-ಕೆಂಪು ಮಡಕೆಗಳೂ ಕಬ್ಬಿಣದ ಸಾಧನಗಳೂ ದೊರೆತವು. ಹಿರೇಬೆಣಕಲ್ಲಿನವೂ ಸತ್ತವರಿಗಾಗಿ ಬದುಕಿದ್ದವರು ಎತ್ತಿದ ಸ್ಮಾರಕಗಳೆಂದು ತಿಳಿಯುವುದಕ್ಕೆ ಇಂತಹ ಹೋಲಿಕೆಯೇ ಆಧಾರ. ದಕ್ಷಿಣ ಭಾರತದ ಈ ಬಗೆಯ ಗೋರಿಗಳನ್ನು ಕುರಿತು ಡಾ. ಅ. ಸುಂದರ ಅವರು ೧೯೭೫ರಲ್ಲಿ ಪ್ರಕಟಿಸಿದ ಗ್ರಂಥವನ್ನು ಆಸಕ್ತರು ಅವಶ್ಯವಾಗಿ ನೋಡಬೇಕು.

ಕಲ್ಲುಗಳನ್ನು ಎಲ್ಲಿಂದ ತಂದರು? ದೂರದಿಂದಲ್ಲ. ಅಲ್ಲಿಯ ಕಣಶಿಲೆ ಪದರುಪದರಾಗಿ ಬಿಡುವ ಸ್ವಭಾವದ್ದು. ಆ ಪದರನ್ನು ಸೀಳಿ ಎಬ್ಬಿಸಿದರೆ ಗೋಡೆಯ ಚಪ್ಪಡಿ ಬಹುಮಟ್ಟಿಗೆ ಸಿದ್ಧ. ಆದರೂ ಆಳೆತ್ತರವನ್ನು ಮೀರಿದ ಚಪ್ಪಡಿಗಳನ್ನು ಸರಿಸಿ, ನಿಲ್ಲಿಸಿ, ಮೇಲೆ ಮುಚ್ಚಿಗೆಯ ಕಲ್ಲನ್ನು ಏರಿಸುವುದು ಒಂದು ಮನೆತನದವರಿಂದ ಆಗುವ ಕೆಲಸವಲ್ಲ. ಊರಿಗೆ ಊರೇ ಕೈಗೂಡಿಸಿರಬೇಕು. ಕಬ್ಬಿಣದ ಆಯುಧಗಳಿಗಿಂತ ಈ ಒಗ್ಗಟ್ಟೇ ನನಗೆ ಹೆಚ್ಚು ವಿಸ್ಮಯಕರವೆನಿಸುತ್ತದೆ.

ಎತ್ತರದ ಬಂಡೆಯೊಂದರ ಮೇಲೆ ಅರ್ಧಗೋಳಾಕಾರದ ದೊಡ್ಡ ಕಲ್ಲೊಂದಿದೆ. ಬಡಿದರೆ ನಗಾರಿಯಂತೆ ದನಿಗೊಡುತ್ತದೆ. ಸಮೀಪದ ಗವಿಗಳಲ್ಲಿ ಕೆಮ್ಮಣ್ಣಿನ ಬಣ್ಣದಲ್ಲಿ ಬರೆದ ಮನುಷ್ಯರ ಹಾಗೂ ಮೃಗಗಳ ಚಿತ್ರಗಳಿವೆ.

೨೦೨೧ರಲ್ಲಿ ಈ ನೆಲೆ ಯುನೆಸ್ಕೋದ ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಯನ್ನು ಸೇರಿತು. ಪಟ್ಟಿ ತಾನಾಗಿ ಕಲ್ಲನ್ನು ಕಾಯದು. ಮೋರ್ಯರು ನಿಧಿಯನ್ನು ಹೂತಿಟ್ಟಿದ್ದಾರೆಂಬ ಮಾತಿಗೆ ಮರುಳಾಗಿ ಇಂತಹ ಗೋರಿಗಳನ್ನು ಅಗೆದು ಕೆಡಹುವ ದುರಭ್ಯಾಸ ನಮ್ಮ ನಾಡಿನಲ್ಲಿ ಹಳೆಯದು. ಒಳಗಿನ ಓಡು, ಎಲುಬುಗಳು ಅಗೆದವನಿಗೆ ಕಸ. ಚರಿತ್ರೆಗಾದರೋ ಅವೇ ಅಕ್ಷರ. ಒಮ್ಮೆ ಕದಡಿದ ಮೇಲೆ ಅವುಗಳಿಂದ ಯಾವ ನಿರ್ಣಯವನ್ನೂ ಮಾಡಲಾಗದು. ಬಳ್ಳಾರಿಯ ಬಳಿಯ ಕಪ್ಪಗಲ್ಲಿನ ಗುಡ್ಡಕ್ಕೆ ಒದಗಿದ ಆಪತ್ತು ಬೇರೆ ತೆರನಾದುದು: ನವಶಿಲಾಯುಗದಿಂದ ಮೊದಲುಗೊಂಡು ಕುಟ್ಟಿ ಮೂಡಿಸಿದ ಗೂಳಿಗಳ ಚಿತ್ರಗಳಿರುವ, ತಟ್ಟಿದರೆ ನಾದಗೊಡುವ ಕರಿಬಂಡೆಗಳ ಸನಿಹದಲ್ಲಿಯೇ ಜಲ್ಲಿಗಾಗಿ ಕಲ್ಲು ಒಡೆಯುವ ಕೆಲಸ ನಡೆಯಿತು.

ಹಿರೇಬೆಣಕಲ್ಲಿಗೆ ಹೋಗುವವರು ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಬೆಳಗಿನಲ್ಲಿಯೇ ಬೆಟ್ಟವೇರುವುದು ಲೇಸು. ಬಿಸಿಲೇರಿದಂತೆ ಬಂಡೆ ಕಾಯುತ್ತದೆ. ಕುಡಿಯುವ ನೀರನ್ನು ಒಯ್ಯಬೇಕು. ಆದರೆ ಬಣ್ಣ ಎದ್ದು ಕಾಣಲೆಂದು ಆ ನೀರನ್ನು ಚಿತ್ರಗಳಿಗೆ ಎರಚಬಾರದು. ಸೀಮೆಸುಣ್ಣದಿಂದ ರೇಖೆಗಳನ್ನು ತಿದ್ದಬಾರದು. ಗವಿಯ ನೆರಳಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ ಕಣ್ಣು ಪಳಗಿ, ಮೊದಲು ಬರಿಯ ಕಲೆಯಂತೆ ತೋರಿದ್ದು ಮೃಗದ ಆಕಾರವಾಗಿ ತಾನೇ ಮೂಡುತ್ತದೆ.