ಕೈಕಸುಬಿಗೆ ಲೇಖನಿಯ ಆಸರೆ

ಮಕ್ಕಳನ್ನು ಐಟಿಐಗೋ ನರ್ಸಿಂಗ್ ಶಾಲೆಗೋ ಸೇರಿಸುವಾಗ ನಮ್ಮ ಹಲವು ಕುಟುಂಬಗಳಲ್ಲಿ ಕೇಳಿಬರುವ ಮಾತೊಂದಿದೆ: 'ಇನ್ನು ಬರೆಯುವ ಕಾಟ ತಪ್ಪಿತು, ಕೈಕೆಲಸ ಕಲಿತರೆ ಸಾಕು.' ಈ ಮಾತಿನಲ್ಲಿ ತಪ್ಪು ತಿಳುವಳಿಕೆಯೊಂದು ಅಡಗಿದೆಯೆಂದು ನಾವು ವಿನಯಪೂರ್ವಕವಾಗಿ ಸೂಚಿಸಬಯಸುತ್ತೇವೆ.

ಬರವಣಿಗೆಯ ಮೇಲಿನ ಸಂಶಯ ಹೊಸದೇನಲ್ಲ. ಪ್ಲೇಟೊ ತನ್ನ 'ಫೀಡ್ರಸ್' ಸಂವಾದದಲ್ಲಿ ಸಾಕ್ರೆಟಿಸನ ಬಾಯಿಂದ ಕಥೆಯೊಂದನ್ನು ಹೇಳಿಸುತ್ತಾನೆ. ಅಕ್ಷರಗಳನ್ನು ಕಂಡುಹಿಡಿದ ಈಜಿಪ್ತಿನ ದೇವತೆ ಅವನ್ನು ಜ್ಞಾಪಕಶಕ್ತಿಯ ಔಷಧವೆಂದು ಹೊಗಳಿದಾಗ ಅಲ್ಲಿನ ಅರಸ ಒಪ್ಪುವುದಿಲ್ಲ. ಜನರು ಬರಹವನ್ನೇ ನೆಚ್ಚಿ ಮರೆವಿಗೆ ಈಡಾಗುವರೆಂದು ಎಚ್ಚರಿಸುತ್ತಾನೆ. ಗೆಳೆಯನ ರೆಕಾರ್ಡ್ ಪುಸ್ತಕವನ್ನು ನಕಲು ಮಾಡುವ ವಿದ್ಯಾರ್ಥಿಯ ಮಟ್ಟಿಗೆ ಅರಸನ ಮಾತು ಇಂದಿಗೂ ಸತ್ಯವೇ. ಆದರೆ ತಾನು ಕಂಡುದನ್ನು, ಮಾಡಿದುದನ್ನು ತಾನೇ ಬರೆಯುವವನ ಸಂಗತಿ ಬೇರೆ.

ಇದನ್ನು ಚೆನ್ನಾಗಿ ಅರಿತವರು ಫ್ಲಾರೆನ್ಸ್ ನೈಟಿಂಗೇಲ್. 1854ರಲ್ಲಿ ಕ್ರಿಮಿಯ ಯುದ್ಧದ ಗಾಯಾಳುಗಳ ಸೇವೆಗೆ ತೆರಳಿದ ಅವರನ್ನು ಜಗತ್ತು ದೀಪಧಾರಿಣಿಯೆಂದು ಕೊಂಡಾಡಿತು. ಆದರೆ ದೀಪದಷ್ಟೇ ಲೇಖನಿಯನ್ನೂ ಅವರು ನಂಬಿದ್ದರು. ಗಾಯಗಳಿಗಿಂತ ತಡೆಗಟ್ಟಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂಬುದನ್ನು 1858ರಲ್ಲಿ ಅಂಕಿಗಳಿಂದಲೂ ರೇಖಾಚಿತ್ರಗಳಿಂದಲೂ ತೋರಿಸಿಕೊಟ್ಟರು; ಮರುವರ್ಷ 'ನೋಟ್ಸ್ ಆನ್ ನರ್ಸಿಂಗ್' ಬರೆದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ಅವರ ಹೆಸರಿನ ತರಬೇತಿ ಶಾಲೆಯಲ್ಲಿ ಕಲಿಯುವವರು ದಿನಚರಿಯನ್ನೂ ರೋಗಿಗಳ ಕುರಿತ ಟಿಪ್ಪಣಿಗಳನ್ನೂ ಬರೆಯಬೇಕಾಗಿತ್ತು.

ಇದೇಕೆ? 'ರೋಗಿ ಪರವಾಗಿಲ್ಲ' ಎಂದು ಬಾಯಲ್ಲಿ ಹೇಳುವುದು ಸುಲಭ. ಬರೆಯಹೊರಟಾಗ ಪ್ರಶ್ನೆಗಳು ಏಳುತ್ತವೆ: ಜ್ವರವೆಷ್ಟು? ನಾಡಿಯೆಷ್ಟು? ಔಷಧ ಕೊಟ್ಟದ್ದು ಎಷ್ಟು ಗಂಟೆಗೆ? ಬರವಣಿಗೆಯು ಕಣ್ಣನ್ನು ನೋಡಲು ಕಲಿಸುತ್ತದೆ. ರಾತ್ರಿ ಪಾಳಿಯ ದಾದಿ ಬರೆದಿಡದಿದ್ದರೆ ಬೆಳಗಿನ ಪಾಳಿಯವಳು ಅದೇ ಔಷಧವನ್ನು ಮತ್ತೊಮ್ಮೆ ಕೊಟ್ಟಾಳು. ಒಂದೇ ಸಾಲು ಒಂದು ಜೀವವನ್ನು ಕಾಯಬಲ್ಲದು.

ಕಾರ್ಖಾನೆಯ ಕೆಲಸಕ್ಕೂ ಈ ಮಾತು ಸಲ್ಲುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯು ಪ್ರತಿಯೊಬ್ಬ ಅಪ್ರೆಂಟಿಸನ ಕಲಿಕೆಯ ಪ್ರಗತಿಯನ್ನು ದಾಖಲಿಸುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದೆ. ಆದರೆ ಕಲಿಯುವವನು ತನ್ನ ಲೆಕ್ಕವನ್ನು ತಾನೂ ಇಡಬೇಡವೇ?

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನುರಿತ ಫಿಟ್ಟರ್ ಒಬ್ಬರು ಬಡ್ತಿಯ ಅರ್ಜಿಯೊಡನೆ ಕೊಡಬೇಕಾದ ವರದಿಯನ್ನು ಹಿಡಿದು ನಮ್ಮಲ್ಲಿಗೆ ಬಂದರು. 'ಫಾದರ್, ಯಂತ್ರ ಬಿಚ್ಚಿ ಜೋಡಿಸೆಂದರೆ ಜೋಡಿಸುವೆ. ಬರೆಯಲು ಮಾತ್ರ ಆಗದು' ಎಂದರು. ಕನಿಕರಪಟ್ಟು ನಾವೇ ಬರೆದುಕೊಟ್ಟೆವು. ಸಂದರ್ಶನದಲ್ಲಿ ಅದರ ಮೇಲೆಯೇ ಪ್ರಶ್ನೆಗಳು ಬಂದವು; ಅವರು ತಡವರಿಸಿದರು; ಹುದ್ದೆ ಬೇರೊಬ್ಬರ ಪಾಲಾಯಿತು. ಇಪ್ಪತ್ತು ವರ್ಷಗಳ ಅನುಭವ ಅವರದು, ವಾಕ್ಯಗಳು ನಮ್ಮವು. ಪಕ್ಕದಲ್ಲಿ ಕೂರಿಸಿ ಅವರಿಂದಲೇ ಬರೆಯಿಸಿದ್ದರೆ ಅದು ನಿಜವಾದ ಉಪಕಾರವಾಗುತ್ತಿತ್ತು.

ತಂದೆತಾಯಂದಿರೇ, ಕಸುಬು ಕಲಿಯಹೊರಟ ಮಗನಿಗೆ, ಮಗಳಿಗೆ ಉಪಕರಣಗಳ ಜೊತೆ ಒಂದು ನೋಟ್‌ಪುಸ್ತಕವನ್ನೂ ಕೊಡಿಸಿರಿ. ಇಂದು ಏನು ಮಾಡಿದೆ, ಎಲ್ಲಿ ತಪ್ಪಿದೆ, ಏಕೆ ತಪ್ಪಿದೆ, ನಾಳೆ ಹೇಗೆ ತಿದ್ದಿಕೊಳ್ಳುವೆ ಎಂದು ರಾತ್ರಿ ಐದು ಸಾಲು ಬರೆಯಲಿ. ಕನ್ನಡವಾಗಲಿ, ಕೊಂಕಣಿಯಾಗಲಿ, ಮನೆಮಾತೇ ಸಾಕು. ಕೈ ಕಲಿತದ್ದನ್ನು ಮನಸ್ಸು ಮರೆಯದಿರಲಿ.