ತೆಂಗಿನ ಮರವೇರುವ ಯಂತ್ರದ ಪರೀಕ್ಷೆ

ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫರು ರಚಿಸಿದ, ಪಾದಕ್ಕೊಂದರಂತೆ ಎರಡು ಭಾಗಗಳುಳ್ಳ ಮರವೇರುವ ಯಂತ್ರವು ಈಗ ತೆಂಗು ಬೆಳೆಗಾರರಿಗೆ ಪರಿಚಿತವಾಗಿದೆ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ ತರಬೇತಿಯೂ ಇದಕ್ಕೆ ಕಾರಣವು. ಕಾಯಿಗಳನ್ನು ಸುಮಾರು 45 ದಿನಗಳಿಗೊಮ್ಮೆ ಇಳಿಸುವುದರಿಂದ, ನಡುವೆ ಯಂತ್ರವು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವುದುಂಟು. ತುಕ್ಕು ಹಿಡಿಯುವುದು ಆಗಲೇ. ದೋಷಗಳನ್ನು ಹುಡುಕಲು ತಕ್ಕ ಕಾಲವೂ ಅದೇ.

ಏರುವವನ ಭಾರವೆಲ್ಲವನ್ನೂ ಕಾಂಡವನ್ನು ಸುತ್ತುವರಿದ ಉಕ್ಕಿನ ತಂತಿಹಗ್ಗವು ಹೊರುತ್ತದೆ. ಇದು ಸಾಮಾನ್ಯವಾಗಿ ಒಮ್ಮೆಲೇ ತುಂಡಾಗುವುದಿಲ್ಲ. ಬಾಗುವೆಡೆಯಲ್ಲಿಯೂ ಕೊಂಡಿಯ ಬುಡದಲ್ಲಿಯೂ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಹತ್ತಿಯ ಬಟ್ಟೆಯಿಂದ ಹಗ್ಗದುದ್ದಕ್ಕೂ ಸವರಿದರೆ ಹರಿದ ಎಳೆಯು ಬಟ್ಟೆಯನ್ನು ಹಿಡಿಯುವುದು. ಬರಿಗೈಯಿಂದ ಸವರಕೂಡದು. ಅಂತಹ ಹಗ್ಗವನ್ನು ಗಂಟಿಕ್ಕಿ ಬಳಸುವವರು ತಮ್ಮ ಬೆನ್ನೆಲುಬಿಗೆ ಕಟ್ಟಿದ ಬೆಲೆ ಬಹಳ ಕಡಿಮೆಯೆನ್ನಬೇಕು! ಹೊಸ ಹಗ್ಗವನ್ನೇ ಹಾಕಿಸತಕ್ಕದ್ದು.

ಕಾಂಡಕ್ಕೆ ಒತ್ತುವ ರಬ್ಬರು ಸವೆದಿದ್ದರೆ ಮಳೆಗಾಲದ ಪಾಚಿಯ ಮೇಲೆ ಜಾರುತ್ತದೆ. ಬೋಲ್ಟುಗಳನ್ನು ಬಿಗಿದು ಕೀಲುಗಳಿಗೆ ಎಣ್ಣೆ ಬಿಡಬೇಕು. ರಬ್ಬರಿಗೆ ಎಣ್ಣೆ ತಗುಲಬಾರದು. ಗೊಬ್ಬರ, ಮೈಲುತುತ್ತಗಳು ಉಕ್ಕನ್ನು ತಿನ್ನುವುದರಿಂದ ಯಂತ್ರವನ್ನು ಅವುಗಳ ಬಳಿ ಇಡಕೂಡದು. ನೈಲಾನ್ ಸೊಂಟಪಟ್ಟಿಯನ್ನು ಬಿಸಿಲಿಗೆ ಒಡ್ಡಬಾರದು.

ಕೊಯ್ಲಿನ ದಿನ ನೆಲದಿಂದ ಒಂದಡಿ ಎತ್ತರದಲ್ಲಿ ನಿಂತು, ಎರಡು ಭಾಗಗಳ ಮೇಲೂ ಸರದಿಯಂತೆ ಭಾರವೂರಿ ನೋಡಿದ ಬಳಿಕವೇ ಮೇಲೇರತಕ್ಕದ್ದು.