ನಿಮಗಿದು ಗೊತ್ತೇ? ಕಾಳಿನ ಡಬ್ಬಿಯಲ್ಲಿ ಹುಳದ ಸಂಸಾರ!

ಹೆಸರುಕಾಳಿನ ಡಬ್ಬಿ ತೆಗೆದು ನಾಲ್ಕು ಕಾಳು ಅಂಗೈಗೆ ಹಾಕಿಕೊಳ್ಳಿ. ಮೇಲೆ ಗಸಗಸೆಗಿಂತ ಸಣ್ಣ ಬಿಳಿ ಚುಕ್ಕೆ ಅಂಟಿದೆಯೇ? ಉಗುರಲ್ಲಿ ಕೆರೆದರೂ ಸುಲಭಕ್ಕೆ ಬರದು. ಅದು ಕಾಳುಹುಳದ ಮೊಟ್ಟೆಯ ಚಿಪ್ಪು!

ಆಗತಾನೇ ಇಟ್ಟ ಮೊಟ್ಟೆ ಬಿಳಿಯಲ್ಲ, ಗಾಜಿನಂತೆ ತಿಳಿ. ಮರಿ ಹೊರಗೆ ಮುಖವನ್ನೇ ತೋರಿಸುವುದಿಲ್ಲ. ಚಿಪ್ಪಿನ ತಳದಿಂದ ನೇರ ಕಾಳಿಗೇ ಕನ್ನ! ಕೊರೆದ ಹಿಟ್ಟನ್ನು ಹಿಂದಿನ ಖಾಲಿ ಚಿಪ್ಪಿಗೆ ತುರುಕುತ್ತದೆ. ನಿಮಗೆ ಕಂಡ ಬಿಳುಪು ಆ ಹಿಟ್ಟಿನದು.

ತಾಯಿಹುಳಕ್ಕೆ ಲೆಕ್ಕವೂ ಬರುತ್ತದೆ. ಮೊಟ್ಟೆಯಿರುವ ಕಾಳನ್ನು ಬಿಟ್ಟು ಖಾಲಿ ಕಾಳು ಹುಡುಕುತ್ತದೆ. ಎಲ್ಲವೂ ಭರ್ತಿಯೇ? ಹಾಗಾದರೆ ಕಡಿಮೆ ಮೊಟ್ಟೆಯಿರುವ ಕಾಳಿಗೆ ಮೊದಲ ಆದ್ಯತೆ!

ಬೆಳೆದ ಹುಳ ಡಬ್ಬಿಯಲ್ಲಿ ಒಂದು ತುತ್ತೂ ತಿನ್ನುವುದಿಲ್ಲ. ಇರುವ ಒಂದೆರಡು ವಾರ, ಮರಿಯಾಗಿದ್ದಾಗ ಉಂಡದ್ದರಲ್ಲೇ ಸಾಗಬೇಕು. ಹನಿ ನೀರೂ ಇಲ್ಲ. ಅದಕ್ಕೇ ಬಾಯಾರಿದ ಹೆಣ್ಣು ಹೆಚ್ಚು ಸಲ ಗಂಡನ್ನು ಕೂಡುತ್ತದೆ. ವೀರ್ಯದ ಜೊತೆ ನೀರೂ ಸಿಗುತ್ತದಲ್ಲ!

ಅಲಸಂದೆ ಹುಳದ್ದು ಇನ್ನೂ ವಿಚಿತ್ರ. ಒಂದೇ ಕಾಳಲ್ಲಿ ಮರಿಗಳು ಕಿಕ್ಕಿರಿದು ಬಿಸಿಯೇರಿತೋ, ಹುಟ್ಟುವ ಹುಳದ ವೇಷವೇ ಬೇರೆ. ಡಬ್ಬಿಯಲ್ಲೇ ಉಳಿಯುವ ಒಡಹುಟ್ಟಿದವಕ್ಕೆ ಹಾರಾಟ ಒಲಿಯದು. ಇವು ಹಾರುತ್ತವೆ! ಆದರೆ ಹೊರಬಂದ ಕೂಡಲೇ ಮೊಟ್ಟೆಯಿಡುವ ಆತುರವಿಲ್ಲ. ಅಂಡಾಶಯ ಇನ್ನೂ ಎಳಸು. ಮೊದಲು ಹೊಲ ಹುಡುಕಬೇಕು, ಬಸಿರು ಆಮೇಲೆ. ಮೊಟ್ಟೆ ಕಡಿಮೆ, ಆಯುಷ್ಯ ಜಾಸ್ತಿ. ಒಂದೇ ತಾಯಿಯ ಮಕ್ಕಳು, ಎರಡು ಬಗೆಯ ಬಾಳು!

ಪಶ್ಚಿಮ ಆಫ್ರಿಕಾದ ಸಹೇಲ್ ಸೀಮೆಯಲ್ಲಿ ಇದರ ನೆಂಟನೊಬ್ಬನಿದ್ದಾನೆ, ಹೆಸರು ಬ್ರುಕಿಡಿಯಸ್ ಅಟ್ರೊಲಿನಿಯಾಟಸ್. (ಹೆಸರು ಹುಳಕ್ಕಿಂತ ಉದ್ದ!) ಅಲ್ಲಿ ಬೇಸಗೆ ತಿಂಗಳುಗಟ್ಟಲೆ. ಹೊಲದಲ್ಲಿ ಅಲಸಂದೆ ಇಲ್ಲ. ಮೊಟ್ಟೆಯಿಟ್ಟು ಏನು ಫಲ? ಸಂತಾನದ ಕೆಲಸಕ್ಕೇ ರಜೆ! ಮಳೆ ಬಿದ್ದು ಅಲಸಂದೆ ಹೂಬಿಟ್ಟರೆ ಸಾಕು, ಎಳಸಾಗಿಯೇ ಕಾದಿದ್ದ ಅಂಡಾಶಯ ಬಲಿಯತೊಡಗುತ್ತದೆ. ಅಲಾರಂ ಹೊಡೆಯುವುದು ಹೂವು!

ಹಾಂ, ಕಾಳಿಗೆ ಹರಳೆಣ್ಣೆ ಸವರಿಡುವ ಅಜ್ಜಿಯ ಗುಟ್ಟು ಗೊತ್ತೇ? ಎಣ್ಣೆ ಮೆತ್ತಿದರೆ ಮೊಟ್ಟೆಗೆ ಉಸಿರುಕಟ್ಟುತ್ತದೆ. ಅಷ್ಟೇ!

ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಮಿಮೊಸೆಸ್ಟೆಸ್ ಅಮಿಕಸ್ ಎಂಬ ಇನ್ನೊಂದು ಕಾಳುಹುಳವಿದೆ. ಅದರ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಪುಟಾಣಿ ಕಣಜವೂ ಅಲ್ಲೇ ಇದೆ. ಕಣಜದ ಕಾಟ ಹೆಚ್ಚಿದರೆ ತಾಯಿ ಮೊಟ್ಟೆಯ ಮೇಲೆ ಮೊಟ್ಟೆ ಪೇರಿಸುತ್ತದೆ. ಮೇಲಿನದು ಚಪ್ಪಟೆ, ಜೀವವಿಲ್ಲದ್ದು. ಅದರಿಂದ ಮರಿ ಬರುವುದೇ ಇಲ್ಲ. ಕೆಳಗಿನ ಕೂಸಿಗೆ ಅದು ಬರೀ ಛತ್ರಿ!